ಸಾಮುವೇಲಪ್ಪನ ಎದುರು ಮೇಳ

ತರಬೇತಿಗೆ ಹೋಗಿಬಂದವರ ಕಾಲು ಒಂದು ವಾರ ನೆಲಕ್ಕೆ ತಾಗುವುದಿಲ್ಲ. ಝಳಕಿಯ ಸಣ್ಣ ಚರ್ಚಿನ ಉಪದೇಶಿ ಸಾಮುವೇಲಪ್ಪ ವಿಜಯಪುರದಿಂದ ಮರಳಿ ತಿಂಗಳಾದರೂ ತೇಲಾಡುತ್ತಲೇ ಇದ್ದ. ಅಲ್ಲಿ ಕಲಿಸಿದ ಹಿರಿಯ ಪಾದ್ರಿ ಅಯ್ಯನವರು ಒಂದು ಮಾತು ಹೇಳಿದ್ದರು: "ಯೇಸುಸ್ವಾಮಿ ಕಥಿ ಬ್ಯಾರೆ ಮಂದಿಗಿ ಹೇಳೂ ಮುಂದ ಚರ್ಚಿನ ಧಾಟಿ ಬಿಡ್ರಿ, ಅವರ ಧಾಟಿ ಹಿಡೀರಿ." ಇದನ್ನು ಮಾಡಿ ತೋರಿಸಿದವರಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಉಪದೇಶಿಗಳಿಗೆ ಕಲಿಸುವ ಹುದ್ದೆ ಎಂದೂ ಸಾರಿದ್ದರು. ಆ ಹುದ್ದೆ ತನಗಲ್ಲದೆ ಇನ್ನಾರಿಗೆ ಎಂದು ಸಾಮುವೇಲಪ್ಪ ಆಗಲೇ ಹೊಸ ಕೋಟು ಹೊಲಿಸಿಕೊಂಡಿದ್ದ.

ಈ ಸೀಮೆಯ ಧಾಟಿ ಯಾವುದೆಂದು ಹುಡುಕಬೇಕಾಗಿರಲಿಲ್ಲ. ಡಪ್ಪು ಬಾರಿಸಿ, ತುಂತುಣಿ ಮಿಡಿದು ಹಾಡುವ ಗೀಗೀ ಪದ. ಸಾಮುವೇಲಪ್ಪ ಯೇಸುವಿನ ಕಥೆಯನ್ನು ಪದವಾಗಿ ಕಟ್ಟಿ, ಭಾನುವಾರ ಸಂಜೆ ಊರವರ ಮುಂದೆ ಹಾಡುವುದೆಂದು ಗೊತ್ತುಮಾಡಿ, ಅಯ್ಯನವರಿಗೂ ಹೇಳಿಕಳಿಸಿದ. ಹೆಂಡತಿ ರೂತಬಾಯಿ ಪದ ಕೇಳಿ, "ಛಲೋ ಐತ್ರಿ. ಆದ್ರ ಬರೇ ಗಂಡಸರ ಸುದ್ದಿನ..." ಎಂದು ತೊಡಗಿದಳು.

"ಇದು ತರಬೇತಿ ತಗೊಂಡ ಮಂದಿ ಕೆಲಸ. ಬ್ಯಾರೆಯವರಿಗೆ ಹೇಳೂದು ಹ್ಯಾಂಗಂತ ನಿನಗೇನ ಗೊತ್ತೈತಿ?" ಎಂದ ಸಾಮುವೇಲಪ್ಪ. ರೂತಬಾಯಿ ನಿಂಬೆಹಣ್ಣಿನ ಬುಟ್ಟಿ ಎತ್ತಿಕೊಂಡು ಕಟ್ಟೆಗೆ ಹೋದಳು.

ಭಾನುವಾರ ಆರಾಧನೆ ಮುಗಿದದ್ದೇ ತಡ, ಹೆದ್ದಾರಿಯ ಬದಿಯ ಮಾಳಿಂಗಪ್ಪನ ಹೋಟೆಲ್ಲಿಗೆ ಹೋಗಿ ಯೇಸುವಿನ ಪದ ಹಾಡಲು ಅಂಗಳ ಕೇಳಿದ.

"ಪಾದ್ರಿಗಳ, ನಮ್ಮನ್ನ ನಿಮ್ಮ ಕಡೆ ಎಳಕೊಳ್ಳೂ ಹುನ್ನಾರೇನ್ರಿ ಇದು?" ಎಂದ ಮಾಳಿಂಗಪ್ಪ.

"ಇಲ್ಲಪಾ. ಕಥಿ ಹೇಳೂದು ನನ್ನ ಕೆಲಸ. ಕೇಳೂದು ಬಿಡೂದು ನಿಮ್ಮ ಮನಸ್ಸು."

"ಹಂಗಾದ್ರ ಅಡ್ಡಿ ಇಲ್ಲ ಬಿಡ್ರಿ. ಎದುರ ಮೇಳ ಯಾರದು?"

"ಎದುರ ಯಾರೂ ಇಲ್ಲ. ನಾ ಒಬ್ಬನ ಹಾಡಾಂವ."

ಹೋಟೆಲ್ಲಿನಲ್ಲಿದ್ದವರೆಲ್ಲ ತಿನ್ನುವುದನ್ನು ಬಿಟ್ಟು ಅವನನ್ನು ನೋಡಿದರು. ಪದ ಎಂದರೆ ಇಲ್ಲಿ ಎರಡು ಮೇಳ ಇರಲೇಬೇಕು. ಗಂಡು ಹೆಚ್ಚು ಎನ್ನುವವರು ಹರದೇಶಿ, ಹೆಣ್ಣು ಹೆಚ್ಚು ಎನ್ನುವವರು ನಾಗೇಶಿ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಬಿಡಿಸಬೇಕು, ಬಿಡಿಸಲಾಗದವರು ಡಪ್ಪು ಕೆಳಗಿಡಬೇಕು. ಎದುರಾಳಿಯಿಲ್ಲದ ಹಾಡಿಕೆ ಇವರಿಗೆ ಮದುಮಗಳಿಲ್ಲದ ಮದುವೆಯಿದ್ದಂತೆ. ಲಾವಣಿಗೆ ಹೆಸರಾದ ಹಲಸಂಗಿ ಸೀಮೆಯ ಜನ, ಹಾಡಿನ ವಿಷಯದಲ್ಲಿ ದೇವರು ಬಂದು ಹೇಳಿದರೂ ಬಗ್ಗುವವರಲ್ಲ.

ಮಾಳಿಂಗಪ್ಪ ಆಗಲೇ ಫೋನು ಕಿವಿಗೆ ಹಚ್ಚಿದ್ದ. "ಅಗರಖೇಡದ ಸಿದ್ದವ್ವಗ ಹೇಳೇನ್ರಿ. ಸಂಜೀಗಿ ಬರ್ತಾಳ."

ಸಾಮುವೇಲಪ್ಪ ಬೇಡವೆಂದು ಕೈಯಾಡಿಸುವಷ್ಟರಲ್ಲಿ ಫೋನು ಕೆಳಗಿಳಿದಿತ್ತು. ಸಿದ್ದವ್ವ ಎಂದರೆ ಸಾಮಾನ್ಯಳಲ್ಲ, ಸುತ್ತ ಹತ್ತೂರಿನ ಹರದೇಶಿ ಗಂಡಸರಿಂದ ಡಪ್ಪು ಕೆಳಗಿಡಿಸಿದ ನಾಗೇಶಿ ಹಾಡುಗಾರ್ತಿ. ಆದರೆ ಮನೆಯ ದಾರಿ ಹಿಡಿಯುವಷ್ಟರಲ್ಲಿ ಅವನಿಗೆ ಧೈರ್ಯ ಬಂತು. ಅವಳಿಗೆ ಗೊತ್ತಿರುವುದು ಪುರಾಣ, ಇದು ಬೈಬಲ್ಲು. ಮೊದಲ ಸವಾಲಿಗೇ ಸಿಕ್ಕಿಬೀಳುತ್ತಾಳೆ. ಅದೂ ಅಯ್ಯನವರ ಕಣ್ಣೆದುರಿಗೇ.

ಮಧ್ಯಾಹ್ನ ಡಪ್ಪು ಬಾರಿಸುವ ಇಬ್ರಾಹಿಂಸಾಬ ಕರೆಯದೇ ಬಂದು ಪದ ಕೇಳಿದ, ಕೇಳಿ ತಲೆ ಕೊಡವಿದ. "ಹರದೇಶಿ ಅಂದ್ರ ಹೆಣ್ಣನ್ನ ಕೆಳಗ ಕೂಡಿಸಬೇಕ್ರಿ. ನೀವು ಹಿಂಗ ಪ್ರಾರ್ಥನಾ ಮಾಡಿದಂಗ ಹಾಡಿದ್ರ ಮಂದಿ ಎದ್ದು ಬಸ್ ಹಿಡೀತಾರ." ಹಾಗಾಗಿ ಪ್ರೀತಿ, ಕ್ಷಮೆಯ ನುಡಿಗಳು ಒಂದೊಂದಾಗಿ ಹೊರಬಿದ್ದು, ಅಲ್ಲೆಲ್ಲ ಬಡಾಯಿ ಬಂದು ಕೂತಿತು. ಸಂಜೆಯ ಹೊತ್ತಿಗೆ ಸುವಾರ್ತೆ ಹೋಗಿ ಕುಸ್ತಿಯಾಗಿತ್ತು.

ಅಂಗಳ ತುಂಬಿತು. ಲಾರಿಯವರೂ ಗಾಡಿ ನಿಲ್ಲಿಸಿ ಇಳಿದರು. ಮುಂದೆ ಕುರ್ಚಿಯಲ್ಲಿ ಅಯ್ಯನವರು. ಸಾಮುವೇಲಪ್ಪ ಕೋಟಿನ ಗುಂಡಿ ಹಾಕಿ ಎತ್ತರದ ದನಿಯಲ್ಲಿ ಎತ್ತಿಕೊಂಡ. ಸ್ವಾಮಿ ಆರಿಸಿದ ಶಿಷ್ಯರು ಹನ್ನೆರಡು, ಹನ್ನೆರಡೂ ಗಂಡಸರು, ಹೆಣ್ಣಿನ ಪಾಲು ಎಲ್ಲೈತಿ ಹೇಳವ್ವ ಎಂದು ಸವಾಲು ಎಸೆದ. ಜನ ಸಿಳ್ಳೆ ಹೊಡೆದರು.

ಸಿದ್ದವ್ವ ಸೆರಗು ಸಿಕ್ಕಿಸಿ, ಎಲೆಯಡಿಕೆ ಉಗಿದು ಎದ್ದಳು. "ಸ್ವಾಮಿನ ಹಿಡಕೊಂಡು ಒಯ್ದ ರಾತ್ರಿ ಆ ಹನ್ನೆರಡು ಗಂಡಸರು ಎಲ್ಲಿ ಹ್ವಾದ್ರು?" ಎಂದು ಶುರು ಮಾಡಿದಳು. "ಒಬ್ಬಾಂವ ಮಾರಿದ. ಒಬ್ಬಾಂವ ಕೋಳಿ ಕೂಗೂದ್ರಾಗ ಮೂರು ಸಲ 'ಆಂವ ಯಾರೋ ನನಗ ಗೊತ್ತಿಲ್ಲ' ಅಂದ. ಉಳದವರು ಓಡಿದ್ರು. ಶಿಲುಬಿ ಬುಡಕ ನಿಂತವರು ಯಾರು? ಹಡೆದವ್ವ ನಿಂತಿದ್ಲು, ಹೆಂಗಸರು ನಿಂತಿದ್ರು."

"ಯೋಹಾನ ನಿಂತಿದ್ದ," ಎಂದ ಸಾಮುವೇಲಪ್ಪ ಗಾಬರಿಯಿಂದ.

"ಹನ್ನೆರಡರಾಗ ಒಬ್ಬ. ಅದನ್ನೂ ಹೇಳ್ಕೊಂತೀರೇನ್ರಿ ಪಾದ್ರಿಗಳ?"

ಅಂಗಳವೆಲ್ಲ ನಕ್ಕಿತು. ಆಮೇಲೆ ನಗು ನಿಂತಿತು. ಸಿದ್ದವ್ವ ದನಿ ಇಳಿಸಿ, ಮಗನ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಿಯನ್ನು ಹಾಡಿದಳು. ಕತ್ತಲಿರುವಾಗಲೇ ಸಮಾಧಿಗೆ ಹೋದ ಹೆಂಗಸನ್ನು, ಅವಳ ಹೆಸರು ಹಿಡಿದು ಕರೆದ ಸ್ವಾಮಿಯನ್ನು ಹಾಡಿದಳು. ಮಾಳಿಂಗಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಇಬ್ರಾಹಿಂಸಾಬನ ಕೈ ಡಪ್ಪಿನ ಮೇಲೆ ಹಾಗೇ ನಿಂತಿತು.

"ಎದ್ದು ಬಂದ ಸ್ವಾಮಿನ ಮೊದಲ ಕಂಡಾಕಿ ಹೆಣ್ಣು. ಓಡಿ ಬಂದು ಗಂಡಸರಿಗೆ ಹೇಳಿದ್ರ ಅವರೇನಂದ್ರು? 'ಹುಚ್ಚಿ, ನಿನಗೇನ ಗೊತ್ತೈತಿ' ಅಂದ್ರು. ಹೌದಿಲ್ಲೋ ಬಿಡಸ್ರಿ."

ಸಾಮುವೇಲಪ್ಪ ಇಬ್ರಾಹಿಂಸಾಬನ ಕೈಯಿಂದ ಡಪ್ಪು ತೆಗೆದುಕೊಂಡು ಕೆಳಗಿಟ್ಟ. ಹುದ್ದೆ ಕೈಬಿಟ್ಟಿತೆಂದು ಗೊತ್ತಿದ್ದರೂ ಎದೆ ಉಬ್ಬಿತ್ತು. ಇಷ್ಟು ವರ್ಷ ತಾನು ಹೇಳಿ ಹೇಳಿ ಸೋತ ಕಥೆಗೆ ಇಂದು ಇಡೀ ಝಳಕಿ ಕಣ್ಣೀರು ಹಾಕಿತ್ತು.

ಅಯ್ಯನವರು ಎದ್ದು ಬಂದು ಸಿದ್ದವ್ವನಿಗೆ ಕೈಮುಗಿದರು. "ನಿಮಗ ಇದನ್ನ ಕಲಿಸಿದವರು ಯಾರವ್ವ?"

"ಕಲಿಸೂದೇನ್ ಬಂತ್ರಿ. ನನ್ನ ಮಗಳ ಮನಿ ಇವರ ಬಾಜೂಕ ಐತಿ. ಬಂದಾಗೊಮ್ಮೆ ರೂತಬಾಯಿ ಕಟ್ಟಿ ಮ್ಯಾಲ ಕುಂತು ಉಪ್ಪಿನಕಾಯಿಗಿ ನಿಂಬಿಹಣ್ಣ ಹೆಚ್ಚತೇವಿ. ನಾ ಎಲ್ಲಮ್ಮನ ಕಥಿ ಹೇಳ್ತೇನಿ, ಆಕಿ ಮರಿಯಮ್ಮನ ಕಥಿ ಹೇಳ್ತಾಳ. ನಾ ಅತ್ರ ಆಕೀನೂ ಅಳ್ತಾಳ."

ಹೆಂಗಸರ ನಡುವೆ ಕೂತಿದ್ದ ರೂತಬಾಯಿಯ ಕಡೆ ಎಲ್ಲರೂ ತಿರುಗಿದರು. "ಆಕಿ ಹೇಳಿದ್ದು ನಾ ಕೇಳಿದ್ನಿರಿ, ಹಂಗಾಗಿ ನಾ ಹೇಳಿದ್ದು ಆಕಿ ಕೇಳಿದ್ಲು. ಅಷ್ಟ," ಎಂದಳು ಅವಳು.

ಅಯ್ಯನವರು ಊರವರ ಕಡೆ ತಿರುಗಿ, "ನಾಕೂ ತಾಲೂಕಿಗಿ ಕಲಿಸೂ ಹುದ್ದೆ ಇದ ಮನಿಗಿ ಬಂತು," ಎಂದರು. ಸಾಮುವೇಲಪ್ಪ ಎರಡು ಹೆಜ್ಜೆ ಮುಂದೆ ಬಂದ. "ರೂತಬಾಯಿಗಿ," ಎಂದು ಮುಗಿಸಿದರು.

ಮುಂದಿಟ್ಟ ಹೆಜ್ಜೆ ಹಿಂದೆ ತೆಗೆಯಲಾಗದೆ ಸಾಮುವೇಲಪ್ಪ ಹಾಗೇ ಮಾಳಿಂಗಪ್ಪನ ಬಳಿ ಹೋಗಿ, "ನಮ್ಮಾಕಿ," ಎಂದ. ನಿಜವಾಗಿ ಹೆಮ್ಮೆಯಿಂದಲೇ ಅಂದ. ಆಮೇಲೆ ಮೆಲ್ಲಗೆ ಅಯ್ಯನವರನ್ನು ಕೇಳಿದ, "ಮತ್ತ ನಂದೇನ್ರಿ?"

"ಮೊದಲನೇ ತಂಡದಾಗ ನೀವೂ ಕೂತು ಕಲೀರಿ. ಏನ್ ತಂಗಿ, ಇವರನ್ನ ತಗೋತೀಯಿಲ್ಲೋ?"

ರೂತಬಾಯಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಯೋಚಿಸಿದಳು. "ತಗೋತೇನ್ರಿ. ಆದ್ರ ಮೊದಲ ಮೂರು ತಿಂಗಳು ಯಾರೂ ಮಾತಾಡೂದಿಲ್ಲ. ಬರೇ ಕೇಳೂದು."

ಸಾಮುವೇಲಪ್ಪ ಏನೋ ಹೇಳಲು ಬಾಯಿ ತೆರೆದ. ಇಡೀ ಊರು ತನ್ನನ್ನೇ ನೋಡುತ್ತಿರುವುದು ಕಂಡು ಮುಚ್ಚಿದ.