ಸಾವ್ಕಾರರ ಏರ್‌ಗನ್ನಿಗೆ ಹಿಡಿ ಕೂರಿಸಿದ್ದು

ಅರಸೀಕೆರೆಯಲ್ಲಿ ಮೂವತ್ತು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಬಾಗಿಲು, ಕಿಟಕಿ ಮಾಡಿಸುವವರು ಬೇರೆ ಅಂಗಡಿಗೆ ಹೋಗುತ್ತಾರೆ. ಇಲ್ಲದ ಉಸಾಬರಿಯೆಲ್ಲ ದಾರಿ ಕೇಳಿಕೊಂಡು ನನ್ನಲ್ಲಿಗೇ ಬರುತ್ತದೆ. ಈ ವರ್ಷ ಬಂದದ್ದು ಕಣಕಟ್ಟೆಯ ತೆಂಗಿನ ತೋಟದ ಸಾವ್ಕಾರರೊಬ್ಬರ ಏರ್‌ಗನ್ನು.

೧. ಮರ

ಕೋತಿಗಳು ಅವರ ತೋಟದ ಎಳನೀರು ಕಿತ್ತು, ಅರ್ಧ ಕುಡಿದು ಅರ್ಧ ಎಸೆಯುತ್ತಿದ್ದವು. ಸಾವ್ಕಾರರ ಹೆಂಡತಿ ಗಡುವು ಕೊಟ್ಟಿದ್ದರು: ದೀಪಾವಳಿಯೊಳಗೆ ಕೋತಿ ಹೋಗಬೇಕು, ಇಲ್ಲದಿದ್ದರೆ ತೋಟ ನೋಡಿಕೊಳ್ಳಲು ತವರಿನಿಂದ ಅಣ್ಣ ಬರುತ್ತಾರೆ. ಆ ಅಣ್ಣನಿಗಿಂತ ಕೋತಿಯೇ ವಾಸಿ ಎಂದು ಸಾವ್ಕಾರರ ಅಭಿಪ್ರಾಯ. ಮನೆಯಲ್ಲಿ ಅದನ್ನು ಹೇಳುವ ಧೈರ್ಯವಿಲ್ಲ.

ಹಾಗಾಗಿ ಹಳೆಯ ಏರ್‌ಗನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದರು. ಮರದ ಹಿಡಿಯನ್ನು ಗೆದ್ದಲು ತಿಂದಿತ್ತು. ಹಲಸು, ಹೊನ್ನೆ, ತೇಗ ಎಲ್ಲ ತೋರಿಸಿದೆ.

"ನನ್ ತೋಟ ಕಾಯೋ ಬಂದೂಕಿಗೆ ನನ್ ತೋಟದ್ದೇ ಮರ ಆಗ್ಬೇಕು ಆಚಾರ್ರೇ" ಎಂದು ತೆಂಗಿನ ಮರದ ತುಂಡು ತಂದುಕೊಟ್ಟರು.

ಮಾಡಿದೆ. ಕಲ್ಲಿನಷ್ಟು ಭಾರವಾಯಿತು. ಸಾವ್ಕಾರರು ಎರಡೂ ಕೈಯಲ್ಲಿ ಎತ್ತಿದರು. ಎದೆಯ ತನಕ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ.

"ಗುರಿ ಇಡೋದು ಹೆಂಗೆ?"

"ಗುರಿ ಯಾಕೆ ಸಾವ್ಕಾರ್ರೇ? ಕೋತಿ ಹತ್ರ ಬಂದಾಗ ಅದರ ಮೇಲೆ ಬಿಟ್ಬಿಡಿ, ಸಾಕು."

ಹಲಸಿಗೆ ಒಪ್ಪಿದರು.

೨. ಅಳತೆ

ಹಿಡಿ ಭುಜಕ್ಕೆ ಸರಿಯಾಗಿ ಕೂರಬೇಕಾದರೆ ತೋಳಿನ ಅಳತೆ ಬೇಕು. ಫೋನ್ ಮಾಡಿ ಕೇಳಿದೆ. ಮಾರನೆಯ ದಿನ ಕಣಕಟ್ಟೆ ಬಸ್ಸಿನ ಕಂಡಕ್ಟರ್ ಒಂದು ಪೊಟ್ಟಣ ಕೊಟ್ಟು ಹೋದ. ಒಳಗೆ ಸಾವ್ಕಾರರ ಹಳೆಯ ಅಂಗಿ. ದರ್ಜಿಗೆ ಅವರು ಅಳತೆ ಕಳಿಸುವುದೇ ಹೀಗಂತೆ.

ಅರ್ಧ ತೋಳಿನದು.

೩. ಸಾಮಾನು

ಆಮೇಲೆ ಮೊಬೈಲಿನಲ್ಲಿ ತರಿಸಿದ ಸಾಮಾನು ಹಿಡಿದು ಬಂದರು. ದುರ್ಬೀನು, ಹೆಗಲಿಗೆ ಪಟ್ಟಿ, ನೆಲಕ್ಕೆ ಊರಲು ಎರಡು ಕಾಲು, ಸದ್ದಡಗಿಸುವ ಕೊಳವೆ.

"ಗುಂಡು ಎಲ್ಲಿ?"

"ಗುಂಡು ಹೊಡೆಯಂಗಿಲ್ಲ. ಆಂಜನೇಯ ಅಲ್ವಾ? ನಮ್ಮನೇವ್ರು ಶನಿವಾರ ಒಪ್ಪತ್ತು ಇರ್ತಾರೆ. ಬರೀ ಸದ್ದು ಮಾಡಿ ಹೆದರ್ಸೋದು."

"ಮತ್ತೆ ಸದ್ದಡಗಿಸೋ ಕೊಳವೆ ಯಾಕೆ?"

"ಹಾಲು ಕೊಡೋ ಎಮ್ಮೆ ಐತೆ. ಬೆದರ್ತದೆ."

ಗುಂಡೂ ಇಲ್ಲದ, ಸದ್ದೂ ಇಲ್ಲದ ಬಂದೂಕಿಗೆ ನಾಲ್ಕು ಸಲ ಪಾಲಿಶ್ ಹೊಡೆದೆ. ನಿಜ ಹೇಳಬೇಕೆಂದರೆ, ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಇನ್ನೊಂದು ಬಂದಿಲ್ಲ. ನನಗೇ ಹೆಮ್ಮೆಯಾಗಿತ್ತು.

೪. ಆಯುಧಪೂಜೆಯ ಮಾರನೆಯ ದಿನ

ದುರ್ಬೀನಿನ ಸ್ಕ್ರೂ ಬಿಗಿ ಮಾಡಲು ತೋಟಕ್ಕೆ ಹೋದೆ. ಸಾವ್ಕಾರರ ಹೆಂಡತಿ ಬಂದೂಕಿಗೆ ಭಕ್ತಿಯಿಂದ ಪೂಜೆ ಮಾಡಿದ್ದರು. ದುರ್ಬೀನಿನ ಗಾಜಿಗೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಪೂಜೆಯದ್ದನ್ನು ಒರೆಸುವಂತಿಲ್ಲ.

ಅಷ್ಟರಲ್ಲಿ ಕೋತಿಗಳು ಬಂದವು. ಸಾವ್ಕಾರರು ದುರ್ಬೀನಿಗೆ ಕಣ್ಣಿಟ್ಟರು. ಮರುಗಳಿಗೆ ಬಂದೂಕನ್ನು ನನ್ನ ಕೈಗೆ ಕೊಟ್ಟು ಕೋತಿಯ ಕಡೆ ಕೈಮುಗಿದರು.

"ಯಾಕೆ, ಏನಾಯ್ತು?"

"ಹಣೆ ಮ್ಯಾಲೆ ವಿಭೂತಿ ಐತೆ ಆಚಾರ್ರೇ."

ಅವರ ಹೆಂಡತಿ ಇದನ್ನೆಲ್ಲ ನೋಡುತ್ತ ನಿಂತಿದ್ದರು. ಕೆಳಗೆ ಬಿದ್ದಿದ್ದ ಒಣ ತೆಂಗಿನ ಮಟ್ಟೆ ಎತ್ತಿ, ಬಂದೂಕಿನ ಹಾಗೆ ಭುಜಕ್ಕಿಟ್ಟು, ಮರದ ಕಡೆ ತಿರುಗಿಸಿ "ಢಮ್" ಎಂದರು. ಗುಂಪಿಗೆ ಗುಂಪೇ ಬೇಲಿ ಹಾರಿತು. ಎಮ್ಮೆ ತಲೆ ಕೂಡ ಎತ್ತಲಿಲ್ಲ.

ಅಂದಿನಿಂದ ಕಾವಲು ಅವರದೇ. ದೀಪಾವಳಿಗೆ ಕೋತಿಯೂ ಬರಲಿಲ್ಲ, ಅಣ್ಣನೂ ಬರಲಿಲ್ಲ.

ಹೋದ ವಾರ ಸಾವ್ಕಾರರು ಮತ್ತೆ ಅಂಗಡಿಗೆ ಬಂದರು. ಅದೇ ಟವೆಲು, ಒಳಗೆ ಆ ಮಟ್ಟೆ.

"ನಮ್ಮನೇವ್ರು ಕಳ್ಸವ್ರೆ. ಇದಕ್ಕೊಂದು ಹಲಸಿನ ಹಿಡಿ ಬೇಕಂತೆ."

ನನಗೂ ಬುದ್ಧಿಯಿಲ್ಲ, ಅಭ್ಯಾಸಬಲದಿಂದ ಅಳತೆ ಕೇಳಿಬಿಟ್ಟೆ. ಸಾವ್ಕಾರರು ಚೀಲಕ್ಕೆ ಕೈ ಹಾಕಿ, ಒಂದು ರವಿಕೆ ತೆಗೆದು ಮೇಜಿನ ಮೇಲಿಟ್ಟರು.