ನಾಲ್ಕನೆಯ ಬ್ಯಾಟುಗಾರನ ವಿನಯ

ನಾನು ಸಂಶಯದ ಪ್ರಾಣಿಯಲ್ಲ. (ಈ ಮಾತನ್ನು ನನ್ನ ಹೆಂಡತಿ ಮಸುಯೊಳ ಹತ್ತಿರ ಪರೀಕ್ಷಿಸಲು ಹೋಗಬೇಡಿ.) ಆದರೆ ಒಸಾಕಾದ ನಮ್ಮ ಪೇಟೆಬೀದಿಯಲ್ಲಿ ಯಾರಾದರೂ “ಎಲ್ಲರೂ ಕೂತು ಮಾತಾಡೋಣ” ಎಂದರೆ, ಮಾತಾಡುವುದೆಲ್ಲ ಆಗಲೇ ಮುಗಿದಿದೆ ಎಂದೇ ಅರ್ಥ. ಸಭೆಗೆ ಮುಂಚೆಯೇ ಯಾರೋ ಮನೆಮನೆಗೆ ಹೋಗಿ, ಚಹಾ ಕುಡಿದು, ಒಬ್ಬೊಬ್ಬರನ್ನೇ ಒಪ್ಪಿಸಿ ಬಂದಿರುತ್ತಾರೆ. ಹಾಗಿರುವಾಗ ಬೀದಿಯ ಕೊನೆಯಲ್ಲಿ ಸಾರ್ವಜನಿಕ ಬಿಸಿನೀರಿನ ಸ್ನಾನದ ಮನೆ ನಡೆಸುವ ಓಗಿನೊ, ನಮ್ಮ ಬೇಸ್‌ಬಾಲ್ ತಂಡದ ನಾಯಕ, ಚೆರ್ರಿ ಮರ ಮೊಗ್ಗು ಬಿಡುವ ಹೊತ್ತಿಗೆ ನನ್ನ ಛತ್ರಿ ಅಂಗಡಿಗೆ ಬಂದು, ಈ ವರ್ಷದ ಬ್ಯಾಟಿಂಗ್ ಸರದಿಯನ್ನು ಎಲ್ಲರೂ ಕೂತು ಮಾತಾಡೋಣ ಎಂದ. ನನ್ನ ಮನೆಗೆ ಯಾರೂ ಚಹಾ ಕುಡಿಯಲು ಬಂದಿರಲಿಲ್ಲ.

ನಮ್ಮ ತಂಡದ ಹೆಸರು ‘ನೀರುನಾಯಿಗಳು’. (ಹೆಸರಿಟ್ಟವರು ಅವತ್ತು ಕುಡಿದಿದ್ದರು.) ಭಾನುವಾರ ಬೆಳಗ್ಗೆ ಹೊಳೆದಂಡೆಯ ಮೈದಾನದಲ್ಲಿ ಅಂಗಡಿಯವರೆಲ್ಲ ಸೇರಿ ಆಡುತ್ತೇವೆ. ಸರದಿಯಲ್ಲಿ ನಾಲ್ಕನೆಯ ಜಾಗ ನನ್ನದು. ನಾಲ್ಕನೆಯ ಜಾಗವೆಂದರೆ ಮದುವೆಮನೆಯಲ್ಲಿ ಮದುಮಗನ ಜಾಗ. ಮೊದಲಿನ ಮೂವರು ಹೇಗೋ ಓಡಿ ಮೈದಾನದ ಒಂದೊಂದು ಮೂಲೆ ಹಿಡಿದು ನಿಂತಿರುತ್ತಾರೆ. ನಾಲ್ಕನೆಯವನು ಒಂದು ಪೆಟ್ಟು ಕೊಟ್ಟು ಅಷ್ಟೂ ಜನರನ್ನು ಹೊರಟ ಮೂಲೆಗೆ, ಅಂದರೆ ‘ಮನೆ’ಗೆ, ಸೇರಿಸಬೇಕು. ನಾನೂ ಕೊಡುತ್ತಿದ್ದೆ. ಇತ್ತೀಚೆಗೆ ಚೆಂಡು ಸ್ವಲ್ಪ ಹತ್ತಿರದಲ್ಲೇ ಬೀಳುತ್ತದೆ, ನಿಜ. ಅದಕ್ಕೆ ಈಗಿನ ಚೆಂಡುಗಳ ಗುಣಮಟ್ಟವೇ ಕಾರಣ.

ಪ್ರತಿ ವರ್ಷ ಆಟದ ಋತು ಶುರುವಾಗುವ ಮೊದಲು ಸರದಿಯ ಗುಣಾವಗುಣ ವಿಮರ್ಶೆ ಮಾಡಿ ಓಗಿನೊನಿಗೆ ಸಲಹೆ ಕೊಡುವವನು ನಾನೇ. ಈ ವರ್ಷ ಪತ್ತೇದಾರನ ಕಣ್ಣಿನಿಂದ ವಿಮರ್ಶೆಗೆ ಕೂತೆ. ಮೊದಲನೆಯವನು ಸ್ವತಃ ಓಗಿನೊ. ಕಾಲು ಚುರುಕು, ಆದರೆ ಅಷ್ಟು ಜನರ ಬೆತ್ತಲೆ ಬೆನ್ನು ನೋಡಿಯೂ ಯಾರ ಗುಟ್ಟನ್ನೂ ಬಿಟ್ಟುಕೊಡದ ಮನುಷ್ಯ. ಅಂಥವನನ್ನು ನಂಬುವುದು ಹೇಗೆ? ಎರಡನೆಯವನು ಕ್ಷೌರದಂಗಡಿಯ ನೋಸೆ. ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗಿ, ಮೊದಲೇ ಓಡಿ ನಿಂತವನನ್ನು ಮುಂದಿನ ಮೂಲೆಗೆ ತಳ್ಳುತ್ತಾನೆ. ಇಷ್ಟು ತ್ಯಾಗಬುದ್ಧಿಯ ಹಿಂದೆ ಏನೋ ಇರಲೇಬೇಕು. ಮೂರನೆಯವನು ಮೀನಂಗಡಿಯ ಹೊತ್ತಾ. ಕಂಡದ್ದಕ್ಕೆಲ್ಲ ಬ್ಯಾಟು ಬೀಸುವವನು, ಪಿತೂರಿಗೆ ಬೇಕಾದ ತಲೆಯಿಲ್ಲ. ಐದನೆಯವನೇ ಅಪಾಯ: ಔಷಧಿ ಅಂಗಡಿಯ ಹೊಸ ಅಳಿಯ ಸೆರಿಜಾವಾ. ಹೋದ ಶರತ್ಕಾಲದಲ್ಲಿ ಅವನು ಹೊಡೆದ ಚೆಂಡು ಹೊಳೆ ಸೇರಿತು. ಆಮೇಲೆ ನನ್ನ ಹತ್ತಿರ ಬಂದು ತಲೆಬಾಗಿಸಿ ಕ್ಷಮೆ ಬೇರೆ ಕೇಳಿದ. ನನಗಿಂತ ದೂರ ಹೊಡೆದದ್ದಕ್ಕೋ, ಚೆಂಡು ಕಳೆದದ್ದಕ್ಕೋ, ಇವತ್ತಿಗೂ ತಿಳಿದಿಲ್ಲ.

ಅಷ್ಟರಲ್ಲಿ ಮನೆಯೊಳಗೇ ಅನುಮಾನಕ್ಕೆ ಆಹಾರ ಸಿಕ್ಕಿತು. ಮಸುಯೊ ಹಾಕುವ ಮೂಲಂಗಿ ಉಪ್ಪಿನಕಾಯಿ ಬೀದಿಗೇ ಹೆಸರುವಾಸಿ. ಆ ಭರಣಿ ದಿನೇ ದಿನೇ ಬರಿದಾಗುತ್ತಿತ್ತು, ನನ್ನ ತಟ್ಟೆಗೆ ಮಾತ್ರ ಒಂದು ಹೋಳೂ ಬೀಳುತ್ತಿರಲಿಲ್ಲ. ಸಂಜೆಯಾದರೆ ಬಟ್ಟೆಯಲ್ಲಿ ಏನೋ ಸುತ್ತಿಕೊಂಡು ಹೊರಡುತ್ತಿದ್ದಳು. ಎಲ್ಲಿಗೆ ಎಂದರೆ ಇಲ್ಲೇ ಎನ್ನುತ್ತಿದ್ದಳು.

“ಇಲ್ಲೇ ಅಂದ್ರೆ ಎಲ್ಲಿ?”

“ಅಲ್ಲೇ. ನಿಮ್ಮ ಹಾಗೆ ಅಂಗಡೀಲಿ ಕೂತು ಮಳೆಗೆ ಕಾಯೋದೊಂದೇ ಕೆಲಸ ಅಂದ್ಕೊಂಡ್ರಾ ನಂದು?”

ಹೊತ್ತಾನ ಅಂಗಡಿಯ ಮುಂದೆ ಅವಳು ನಿಂತಿದ್ದನ್ನು ನಾನೇ ಕಂಡೆ. ನನ್ನನ್ನು ನೋಡಿದ್ದೇ ಇಬ್ಬರೂ ಮಾತು ನಿಲ್ಲಿಸಿ ಬಂಗುಡೆಯನ್ನು ದಿಟ್ಟಿಸತೊಡಗಿದರು. ಹಬ್ಬದ ಊಟಕ್ಕೆ ತರುವಂಥ ಮೀನೊಂದನ್ನು ಅವನು ಕಾಸೂ ತೆಗೆದುಕೊಳ್ಳದೆ ಅವಳ ಚೀಲಕ್ಕೆ ಹಾಕಿದ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ನನ್ನ ಬೆನ್ನಿಗೆ ನೋವಿನ ಪಟ್ಟಿ ಅಂಟಿಸುವಾಗಲೆಲ್ಲ “ಈ ವಯಸ್ಸಿಗೆ ಇದೆಲ್ಲ ಬೇಕಾ” ಎಂದು ಗೊಣಗುವವಳು ಅವಳೇ ತಾನೆ? ನನ್ನನ್ನು ನಾಲ್ಕನೆಯ ಜಾಗದಿಂದ ಇಳಿಸಲು ಉಪ್ಪಿನಕಾಯಿ ಹಂಚುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು. ಕೈಹಿಡಿದವಳೇ ಹೀಗೆ ಮಾಡಿದಳಲ್ಲ ಎಂದು ನಿಜವಾಗಿಯೂ ಸಂಕಟವಾಯಿತು.

ಸತ್ಯಶೋಧನೆಗೆಂದು ನೋಸೆಯ ಹತ್ತಿರ ಮುಖಕ್ಷೌರಕ್ಕೆ ಹೋದೆ. ಕತ್ತಿ ಅವನ ಕೈಯಲ್ಲಿ, ಕತ್ತು ನನ್ನದು; ಅಡ್ಡ ಪ್ರಶ್ನೆ ಕೇಳಲು ಪ್ರಶಸ್ತ ಸ್ಥಳವಲ್ಲ. ಆದರೂ ನೊರೆಯ ನಡುವಿನಿಂದ, ನಮ್ಮ ಮನೆಯವಳು ಬಂದಿದ್ದಳಂತಲ್ಲ ಎಂದೆ. ಕತ್ತಿ ಒಂದು ಕ್ಷಣ ನಿಂತಿತು.

“ಬಂದಿದ್ರು. ಅಕ್ಕ ಅಷ್ಟು ಕೇಳ್ಕೊಂಡ ಮೇಲೆ ಇಲ್ಲ ಅನ್ನೋಕಾಗುತ್ತಾ? ನಮಗೂ ಕಷ್ಟಾನೇ ಆಯ್ತು, ಮಿತಾಮುರಾ ಸಾನ್. ಆದ್ರೆ ಎಲ್ಲರೂ ಒಪ್ಕೊಂಡಿದೀವಿ. ನೀವೇನೂ ತಲೆಗೆ ಹಚ್ಕೋಬೇಡಿ.”

ಇನ್ನೇನು ಸಾಕ್ಷಿ ಬೇಕು? ನನ್ನನ್ನು ಕಳೆದುಕೊಳ್ಳಲು ಪಾಪ ಅವರಿಗೂ ಕಷ್ಟವಾಗಿತ್ತು. ಗಲ್ಲ ಒರೆಸಿಕೊಂಡು ಮನೆಗೆ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ಒಂದು ದಿವ್ಯವಾದ ಉಪಾಯ ಹೊಳೆದಿತ್ತು. ಅವರು ಇಳಿಸುವ ಮುನ್ನ ನಾನೇ ಇಳಿಯುತ್ತೇನೆ ಎನ್ನುವುದು! ನಮ್ಮಲ್ಲಿ ಹಿರಿಯನೊಬ್ಬ “ನಾನು ಇದಕ್ಕೆ ಅರ್ಹನಲ್ಲ, ಬಿಟ್ಟುಬಿಡಿ” ಎಂದರೆ, ಕೂತವರೆಲ್ಲ “ಛೆ ಛೆ, ಹಾಗನ್ನಬೇಡಿ” ಎಂದು ಮುಗಿಬಿದ್ದು ತಡೆಯಬೇಕು. ತಡೆಯದಿದ್ದರೆ ಅದಕ್ಕಿಂತ ಅಸಭ್ಯತೆ ಇನ್ನೊಂದಿಲ್ಲ. ನಮ್ಮ ವರ್ತಕರ ಸಂಘದ ಹಿಂದಿನ ಅಧ್ಯಕ್ಷರು ವರ್ಷಾವರ್ಷ ರಾಜೀನಾಮೆ ಕೊಡುತ್ತಿದ್ದರು. ಕೊನೆಗೆ ಅಧ್ಯಕ್ಷರಾಗಿಯೇ ತೀರಿಕೊಂಡರು. ಒಮ್ಮೆ ಎಲ್ಲರೂ ಬಾಯಿಬಿಟ್ಟು ತಡೆದ ಮೇಲೆ ಪಿತೂರಿ ಎಲ್ಲಿ ನಿಂತೀತು?

ಸಭೆ ಸೇರಿದ್ದು ಸ್ನಾನದ ಮನೆಯ ಮಹಡಿಯಲ್ಲಿ. ಬಿಯರ್ ಬಂತು, ಮಸುಯೊ ಉಪ್ಪಿನಕಾಯಿ ತಟ್ಟೆಗಳನ್ನಿಟ್ಟು ಬಾಗಿಲ ಬಳಿ ಕೂತಳು. ಓಗಿನೊ ಗಂಟಲು ಸರಿಮಾಡಿಕೊಂಡು, ಈ ವರ್ಷದ ಸರದಿಯ ವಿಷಯಕ್ಕೆ ಬಂದರೆ, ಎಂದು ಬಾಯಿ ತೆರೆದ. ನಾನು ತಟ್ಟನೆ ಮುಂದೆ ಸರಿದು, ಚಾಪೆಗೆ ಹಣೆ ತಾಗುವಂತೆ ಬಾಗಿದೆ. ಬಾಗಿಲ ಬಳಿಯಿಂದ ಮಸುಯೊ ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದಳು. ಕಳ್ಳಿ, ಈಗ ಹೆದರಿದಳು ಎಂದುಕೊಂಡೆ.

“ನಾಲ್ಕನೆಯ ಸ್ಥಾನದ ಮಹಾಭಾರವನ್ನು ಹೊರಲು ಈ ದುರ್ಬಲ ಭುಜಗಳು ಇನ್ನು ಅರ್ಹವಲ್ಲ. ದಯಮಾಡಿ ನನ್ನನ್ನು ಎಲ್ಲಕ್ಕಿಂತ ಕೊನೆಯ ಒಂಬತ್ತನೆಯ ಸ್ಥಾನಕ್ಕೆ ಇಳಿಸಿಬಿಡಿ,” ಎಂದೆ. ಕೊನೆಯಲ್ಲಿ ಧ್ವನಿಯನ್ನೂ ಸ್ವಲ್ಪ ನಡುಗಿಸಿದೆ.

ಬಾಗಿದವನು ಬಾಗಿಯೇ ಕಾದೆ. ಯಾರೂ ಮುಗಿಬೀಳಲಿಲ್ಲ. ವಾರೆಗಣ್ಣಿನಿಂದ ನೋಡಿದರೆ ಹೊತ್ತಾ ಒಬ್ಬನೇ ಬಾಯಿ ತೆರೆಯುತ್ತಿದ್ದ, ನೋಸೆ ಅವನ ಬಾಯಿಗೆ ಒಂದು ಉಪ್ಪಿನಕಾಯಿ ಹೋಳು ತುರುಕಿದ. ಆಮೇಲೆ ಓಗಿನೊ ದೀರ್ಘವಾಗಿ ಉಸಿರು ಬಿಟ್ಟ. ಅದು ದುಃಖದ ಉಸಿರಲ್ಲ. ಬಿಸಿನೀರಿಗೆ ಇಳಿದವನು ಬಿಡುವಂಥ ಉಸಿರು.

“ಇಷ್ಟು ವರ್ಷ ಬಹಳ ಶ್ರಮಪಟ್ರಿ. ತುಂಬಾ ಉಪಕಾರವಾಯ್ತು,” ಎಂದು ಅವನೂ ಬಾಗಿದ. ಎಲ್ಲರೂ ಬಾಗಿದರು. ಸೆರಿಜಾವಾನಂತೂ ಎದ್ದು ಚಪ್ಪಾಳೆ ಹೊಡೆದ.

“ಆದ್ರೆ ಒಂಬತ್ತನೇ ಜಾಗ?” ಓಗಿನೊ ಮುಂದುವರಿಸಿದ. “ಛೆ ಛೆ, ಹಾಗನ್ನಬೇಡಿ. ನಿಮ್ಮಂಥ ಹಿರಿಯರನ್ನ ಒಂಬತ್ತನೇ ಜಾಗದಲ್ಲಿ ನಿಲ್ಲಿಸೋದಾ? ಅದು ಮಾತ್ರ ಖಂಡಿತ ಆಗಲ್ಲ.”

ಎಲ್ಲರೂ ಮುಗಿಬಿದ್ದು ತಡೆದರು. ನಾನು ಬೇಕು ಎಂದೆ, ಅವರು ಬೇಡವೇ ಬೇಡ ಎಂದರು. ನಾನು ಇನ್ನೊಮ್ಮೆ ಬೇಡಿದೆ, ಅವರು ನನ್ನ ವಿನಯವನ್ನು ಕೊಂಡಾಡಿದರು. ಹೀಗೆ ಸಕಲ ಗೌರವಗಳೊಂದಿಗೆ ನಾನು ‘ಗೌರವ ಸಲಹೆಗಾರ’ನಾಗಿ ಸರದಿಯಿಂದಲೇ ಹೊರಬಿದ್ದೆ.

ಮನೆಗೆ ಬರುವ ದಾರಿಯಲ್ಲಿ ಮಸುಯೊ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆಯುತ್ತಿದ್ದಳು. ಕೊನೆಗೆ ನಾನೇ, ನಿನ್ನ ಆಸೆ ನೆರವೇರಿತಲ್ಲ ಎಂದು ಚುಚ್ಚಿದೆ. ಅವಳು ಅಲ್ಲೇ ನಿಂತಳು.

“ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಲ್ಲ ನೀವು. ಅವರೆಲ್ಲ ಸೆರಿಜಾವಾನ್ನ ನಾಲ್ಕನೇ ಜಾಗಕ್ಕೆ ಹಾಕ್ಬೇಕು ಅಂತಿದ್ರು. ನಾನು ಒಂದೊಂದು ಮನೆಗೂ ಹೋಗಿ, ಭರಣಿ ಖಾಲಿ ಮಾಡಿ, ಇನ್ನೊಂದು ವರ್ಷ ನಿಮ್ಮನ್ನೇ ಇರಿಸಿ ಅಂತ ಬೇಡ್ಕೊಂಡೆ, ಕಾಲು ಹಿಡಿಯೋದೊಂದು ಬಾಕಿ ಇತ್ತು. ಕಷ್ಟಪಟ್ಟು ಒಪ್ಪಿದ್ರು. ನೀವು ಬಾಯಿ ಮುಚ್ಕೊಂಡು ಬಿಯರ್ ಕುಡಿದಿದ್ರೆ ಸಾಕಿತ್ತು.”

ಇಂಥ ಹೆಂಡತಿಯನ್ನು ಅನುಮಾನಿಸಿದೆನಲ್ಲ! ನನ್ನ ಮಾನದ ಮೇಲೆ ಅವಳಿಗೆ ಇಷ್ಟು ಪ್ರೀತಿಯೇ? ಅದನ್ನೇ ಕೇಳಿಯೂಬಿಟ್ಟೆ.

“ಮಾನಾನಾ?” ಎಂದಳು. “ವಾರಕ್ಕೊಂದು ಬೆಳಗ್ಗೆ ನೀವು ಮನೇಲಿರಲ್ಲ ರೀ. ಆ ಒಂದು ಬೆಳಗ್ಗೆಗೋಸ್ಕರ ಅಷ್ಟು ಮೂಲಂಗಿ ಹೆಚ್ಚಿದೀನಿ.”

ಇಷ್ಟು ಹೇಳಿದವಳು ನನ್ನನ್ನು ಬೀದಿದೀಪದ ಕೆಳಗೆ ನಿಲ್ಲಿಸಿ, ಏನೋ ಮರೆತವಳಂತೆ ಸ್ನಾನದ ಮನೆಗೆ ವಾಪಸು ಹೋದಳು. ಬರುವಾಗ ಮುಖ ಅರಳಿತ್ತು. ಗೌರವ ಸಲಹೆಗಾರರು ಭಾನುವಾರ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಹೋಗಿ ಕಲ್ಲು ಆರಿಸಿ, ಸುಣ್ಣದ ಗೆರೆ ಎಳೆದು, ಎಲ್ಲರೂ ಹೋದ ಮೇಲೆ ನೆಲ ಸಮ ಮಾಡಿ ಬರಬೇಕಂತೆ. ಓಗಿನೊ ಸಂತೋಷದಿಂದ ಒಪ್ಪಿದ್ದಾನಂತೆ. ಹಿಂದೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದೆ. ಈಗ ಅದನ್ನೂ ಡಬ್ಬಿಯಲ್ಲಿ ಕಟ್ಟಿ ಕಳಿಸುತ್ತಾಳೆ.