ಸಾಹುಕಾರರ ಕಾರಿಗೆ ಮುಂದಿನ ಸ್ಪೀಕರ್ ಎಲ್ಲಿ ಹಚ್ಚಬೇಕು?

ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಗಾಡಿಗಳ ವಾಯರಿಂಗು, ಹಾರ್ನು, ಸ್ಪೀಕರು ಅಂತ ಬದುಕಿದ್ದೇನೆ. ನನ್ನಲ್ಲಿಗೆ ಗಾಡಿ ಕೆಟ್ಟು ಬರುವುದು ಕಡಿಮೆ, ತಲೆ ಕೆಟ್ಟು ಬರುವವರೇ ಹೆಚ್ಚು. ವಾರಕ್ಕೆ ಒಂದಾದರೂ ಇಂಥ ಫಜೀತಿ ಆಗದಿದ್ದರೆ ಅಂಗಡಿಯ ಬಾಗಿಲು ತೆರೆದಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ. "ಜರಾ ಸಮಾಧಾನದಿಂದ ಮಾತಾಡ್ರಿ" ಎಂದು ಹೆಂಡತಿ ದಿನಾ ಹೇಳಿ ಕಳಿಸುತ್ತಾಳೆ. ಆ ಸಮಾಧಾನ ಬೆಳಿಗ್ಗೆ ಹತ್ತರ ತನಕ ಇರುತ್ತದೆ. ನಾನು ಶಟರ್ ಎತ್ತುವುದೇ ಹತ್ತಕ್ಕೆ.

ಹೋದ ಬೇಸಿಗೆಯಲ್ಲಿ ಗಂಜಿನ, ಅಂದರೆ ಭತ್ತದ ಮಾರುಕಟ್ಟೆಯ, ಸಾಹುಕಾರರೊಬ್ಬರು ತಮ್ಮ ಅಂಬಾಸಿಡರ್ ತಂದು ನಿಲ್ಲಿಸಿದರು. ಅವರ ತಂದೆ ಓಡಿಸಿದ ಕಾರು. ಕೆನೆ ಬಣ್ಣ, ಹಳೇ ಸ್ಟೀಯರಿಂಗು, ಬಾಗಿಲು ಹಾಕಿದರೆ ತಿಜೋರಿ ಹಾಕಿದ ಸದ್ದು. ಅದಕ್ಕೆ ಮುಂದೆ ಎರಡು ಸ್ಪೀಕರ್ ಬೇಕು. ಲಿಂಗಸುಗೂರಿನಲ್ಲಿ ಸಾಹುಕಾರರ ಅಕ್ಕನ ಮಗಳ ಮದುವೆ. ಅಲ್ಲಿಗೆ ಹೋಗುವಾಗ ಅವರ ತಾಯಿ ಮುಂದಿನ ಸೀಟಿನಲ್ಲಿ ಕೂತು ವಚನ ಕೇಳಬೇಕು. ಅಷ್ಟೇ ಕೆಲಸ. ಒಂದು ದಿನದ್ದು. ಹದಿನೆಂಟು ದಿನ ಹಿಡಿಯಿತು, ಮತ್ತು ಅದರಲ್ಲಿ ಹದಿನೇಳು ದಿನ ನಾನು ಹಲ್ಲು ಕಡಿದದ್ದೇ.

೧. ಬಾಗಿಲಿಗೆ

ಸಾಹುಕಾರರ ಹೆಂಡತಿಯ ತಮ್ಮ ಒಬ್ಬನಿದ್ದಾನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಎಲ್ಲ ಕಸುಬಿನಲ್ಲೂ ಪಂಡಿತನಾದವನು. ಬಂದವನೇ ಕಾರಿನ ಬಾಗಿಲಿನ ಮೇಲೆ ಪೆನ್ನಿನಿಂದ ಎರಡು ಗುಂಡು ಬರೆದ.

"ಇಲ್ಲಿ ಕಟ್ ಮಾಡ್ರಿ. ಹೊಸಾ ಗಾಡಿಯೊಳಗ ಎಲ್ಲಾ ಇಲ್ಲೇ ಇರ್ತಾವ."

"ಹೊಸಾ ಗಾಡಿ ಬಾಗಲಾ ಕಂಪನಿಯವರೇ ಸ್ಪೀಕರಿಗಂತ ಜಾಗಾ ಬಿಟ್ಟು ಮಾಡಿರ್ತಾರ. ಇದಕ್ಕ ಕಟ್ ಮಾಡಿದ್ರ ತಗಡು ಹೋತು. ನಾ ಮಾಡಂಗಿಲ್ಲ" ಎಂದೆ.

ಮಾಡುವುದಿಲ್ಲ ಎನ್ನಲು ಕಾರಣವಿದೆ. ಕಸುಬು ಹಿಡಿದ ಹೊಸತರಲ್ಲಿ ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಒಬ್ಬ ದಾದಾ ತನ್ನ ಹಳೇ ಕಾರು ತಂದಿದ್ದ. ನಾನು ಭಾರೀ ಹುರುಪಿನಲ್ಲಿ ನಾಲ್ಕೂ ಬಾಗಿಲು ಕೊರೆದೆ. ಎರಡು ಮಳೆಗಾಲಕ್ಕೆ ನೀರು ಇಳಿದು ಬಾಗಿಲು ಕೆಳಗಿನಿಂದ ಹಪ್ಪಳದ ಹಾಗೆ ಉದುರಿತು. ಆ ಮನುಷ್ಯ ನನಗೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಅಂದೇ ಮುಗಿಯುತ್ತಿತ್ತು. ಈಗಲೂ ಭತ್ತದ ಸೀಸನ್ನಿನಲ್ಲಿ ಗಂಜಿಗೆ ಬಂದಾಗ ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿ, ನಕ್ಕು, "ಚೆನ್ನಾಗಿದೀಯಾ" ಎಂದು ಕೇಳಿ ಹೋಗುತ್ತಾನೆ. ನನಗೆ ನನ್ನ ಮೇಲೆ ಬರುವ ಸಿಟ್ಟು ಬೇರೆ ಯಾರ ಮೇಲೂ ಬರುವುದಿಲ್ಲ. ಹಳೇ ಕಾರಿನ ಬಾಗಿಲಿಗೆ ಇನ್ನು ಕೈ ಹಚ್ಚುವುದಿಲ್ಲ ಎಂದು ಅಂದೇ ತೀರ್ಮಾನಿಸಿದ್ದೆ.

ಅದನ್ನೆಲ್ಲ ಈ ಪಂಡಿತನಿಗೆ ಹೇಳಿ ಏನು ಉಪಯೋಗ? ಕೆಲಸದ ಮಾತೇ ಹೇಳಿದೆ. "ನೋಡ್ರಿ, ಗ್ಲಾಸ್ ಕೆಳಗ ಇಳದ್ರ ಬಾಗಲದ ಒಳಗ ಬರ್ತದ. ಅಲ್ಲಿ ಸ್ಪೀಕರಿನ ಮ್ಯಾಗ್ನೆಟ್ ಕುಂತಿರ್ತದ. ಗ್ಲಾಸ್ ಅದಕ್ಕ ಬಡದು ಒಡೀತದ."

ಅವನು ಒಂದು ಗಳಿಗೆ ವಿಚಾರ ಮಾಡಿದ. ನಂತರ ಹೇಳಿದ: "ಹಂಗಾರ ಗ್ಲಾಸ್ ಇಳಸೋದು ಬಂದ್ ಮಾಡಿದ್ರಾತು."

ಏಪ್ರಿಲ್ ತಿಂಗಳು, ಸಿಂಧನೂರು, ಏಸಿ ಇಲ್ಲದ ಕಾರು. ಗ್ಲಾಸ್ ಏರಿಸಿಕೊಂಡು ಎಂಬತ್ತು ವರ್ಷದ ಮುದುಕಿಯನ್ನು ಲಿಂಗಸುಗೂರಿಗೆ ಕರೆದೊಯ್ದರೆ ವಚನವನ್ನು ಅವರೇ ಹೋಗಿ ಬರೆದವರ ಬಾಯಿಂದಲೇ ಕೇಳಬಹುದಿತ್ತು.

೨. ದೇವರ ಮುಂದೆ

ಎರಡನೆಯ ಜಾಗ ಡ್ಯಾಶ್‌ಬೋರ್ಡಿನ ಮೇಲೆ. ತೂತು ಬೇಡ, ಪೆಟ್ಟಿಗೆಯೊಳಗೆ ಸ್ಪೀಕರ್ ಇಟ್ಟು ಬೆಲ್ಟ್ ಕಟ್ಟಿದರಾಯಿತು. ಅಲ್ಲಿ ಮೊದಲೇ ಒಂದು ಪುಟ್ಟ ಬಸವಣ್ಣ ಇದ್ದ, ತಳಕ್ಕೆ ಮ್ಯಾಗ್ನೆಟ್ ಇದ್ದು ತಗಡಿಗೆ ಅಂಟಿಕೊಳ್ಳುವಂಥದು. ಸಾಹುಕಾರರ ತಾಯಿ ಅಂದು ಕೆಲಸ ನೋಡಲು ಆಟೋದಲ್ಲಿ ಬಂದು ಮುಂದಿನ ಸೀಟಿನಲ್ಲೇ ಕೂತಿದ್ದರು.

ನಾನು ಎಡಗಡೆಯ ಸ್ಪೀಕರ್ ತಂದು ಅಳತೆಗೆ ಇಟ್ಟೆ. ಅಷ್ಟು ದೊಡ್ಡ ಮ್ಯಾಗ್ನೆಟ್ ಹತ್ತಿರ ಬಂದರೆ ಸಣ್ಣದು ಸುಮ್ಮನಿರುತ್ತದೆಯೇ? ಬಸವಣ್ಣ ಕೂತಲ್ಲೇ ಗರ್ರನೆ ತಿರುಗಿ ಸ್ಪೀಕರಿಗೆ ಮುಖ ಮಾಡಿದ.

"ಅಯ್ಯ ಶಿವನ! ಬಸವಣ್ಣ ತಿರುಗ್ಯಾನ! ಹಾಡು ಕೇಳಾಕ ತಿರುಗ್ಯಾನ ನೋಡ್ರೋ!" ಎಂದು ಅಮ್ಮ ಎದ್ದರು. ತಲೆ ಕಾರಿನ ಛಾವಣಿಗೆ ಬಡಿಯಿತು, ಅದೂ ಅವರಿಗೆ ಗೊತ್ತಾಗಲಿಲ್ಲ.

"ಅಮ್ಮಾರೆ, ಅದು ಮ್ಯಾಗ್ನೆಟ್ಟು. ಹಾಡು ಇನ್ನಾ ಹಚ್ಚೇ ಇಲ್ಲ. ವಾಯರ್ ಸೈತ ಕೂಡಿಸಿಲ್ಲ."

"ಅದಕ್ಕ ಅವನು ದೇವರು ಯಪ್ಪಾ. ನಮಗ ಕೇಳಲಾರದ್ದು ಅವಗ ಕೇಳ್ತದ."

ಪಕ್ಕದ ಟೈರ್ ಅಂಗಡಿಯವನು ಬಂದ, ಎದುರಿನ ಗೊಬ್ಬರದಂಗಡಿಯವನು ಬಂದ, ಬಸ್ಸಿಗೆ ನಿಂತಿದ್ದವರು ಬಸ್ ಬಿಟ್ಟು ಬಂದರು. ಕಾಯಿ ಬಂತು. ನನ್ನದೇ ಅಂಗಡಿಯ ಸುತ್ತಿಗೆಯಿಂದ ಒಡೆದರು. ನಾನು ಮ್ಯಾಗ್ನೆಟ್ಟು, ಮ್ಯಾಗ್ನೆಟ್ಟು ಎಂದು ಕೂಗುತ್ತಲೇ ಇದ್ದೆ. ಎಲ್ಲರಿಗೂ ಇದೆಂಥದ್ದು ಎಂದು ತಿಳಿದರೆ ಸಾಕೆಂದು ಬಲಗಡೆಯ ಸ್ಪೀಕರನ್ನೂ ತಂದು ಇಟ್ಟೆ. ಅದೇ ನಾನು ಮಾಡಿದ ತಪ್ಪು. ಬಸವಣ್ಣ ಒಮ್ಮೆ ನಡುಗಿ, ಪೂರಾ ತಿರುಗಿ, ಬಲಗಡೆಯ ಸ್ಪೀಕರಿಗೆ ಬೆನ್ನು ಕೊಟ್ಟ.

ಅಮ್ಮ ನನ್ನ ಮುಖ ನೋಡಿ, "ಇದು ಅವಗ ಸೇರಲಿಲ್ಲ. ಬ್ಯಾರೆ ಕಂಪನಿದು ತಂದು ಹಚ್ಚು" ಎಂದರು.

ಎರಡೂ ಒಂದೇ ಡಬ್ಬಿಯಿಂದ ತೆಗೆದದ್ದು.

೩. ಕಾಲ ಬುಡದಲ್ಲಿ

ಹಳೇ ಕಾರಿಗೆ ಖರೇ ಜಾಗವೆಂದರೆ ಕಾಲ ಬುಡ. ಬಾಗಿಲಿಗೂ ಮುಂದೆ, ಪಾದ ಇಡುವ ಕಡೆ ಎಡಬಲ ಎರಡು ಮೂಲೆ ಇರುತ್ತವಲ್ಲ, ಅಲ್ಲಿ. ಗ್ಲಾಸಿನ ತಂಟೆ ಇಲ್ಲ, ದೇವರ ತಂಟೆ ಇಲ್ಲ, ತಗಡಿಗೆ ಒಂದು ಮೊಳೆಯೂ ಬೇಡ. ಪ್ಲೈವುಡ್ ತಂದು ಮೂಲೆಯ ಆಕಾರಕ್ಕೇ ಎರಡು ಪೆಟ್ಟಿಗೆ ಕೊಯ್ದೆ, ಕಾರಿನಲ್ಲಿ ಮೊದಲೇ ಇದ್ದ ಬೋಲ್ಟಿಗೇ ಪಟ್ಟಿ ಬಿಗಿದು ಕೂರಿಸಿದೆ. ಹಾಡು ಹಚ್ಚಿದರೆ ಹಾಡುವವನು ಎದುರಿಗೇ ಕೂತ ಹಾಗೆ ಬಂತು. ನನ್ನ ಕೆಲಸ ನೋಡಿ ನನಗೇ ಸಂತೋಷವಾಯಿತು. ಇಂಥದ್ದು ನನಗೆ ವರ್ಷಕ್ಕೊಮ್ಮೆ ಆಗುತ್ತದೆ, ಐದು ನಿಮಿಷ ಇರುತ್ತದೆ.

ಅಮ್ಮ ಬಂದು ಕೂತರು. ವಚನ ಶುರುವಾಯಿತು. ಕಣ್ಣು ಮುಚ್ಚಿ ತಲೆ ತೂಗಿದರು. ಮತ್ತೆ ಎಲ್ಲಿಂದ ಬರುತ್ತಿದೆ ಎಂದು ಬಗ್ಗಿ ನೋಡಿದರು.

"ಯಪ್ಪಾ, ಶರಣರ ಮಾತು ನನ್ನ ಚಪ್ಪಲ್ ಬುಡಕ ಇಟ್ಟೀಯಲ್ಲೋ!"

ಎದ್ದು ಕೆಳಗಿಳಿದರು. ಎರಡೂ ಕಿವಿ ಹಿಡಿದು ಸ್ಪೀಕರಿಗೆ ಕೈ ಮುಗಿದರು. ಸಾಹುಕಾರರಿಗೆ ಫೋನ್ ಹೋಯಿತು, ಬಂದರು. ಭಾವಮೈದುನನೂ ಹಿಂದೆಯೇ ಬಂದ. "ನಾ ಮೊದಲಽ ಹೇಳಿದ್ದೆ ಮಾಮಾ. ಲಿಂಗಸುಗೂರಾಗ ಒಬ್ಬಾವ ಅದಾನ, ಗ್ರೈಂಡರ್ ತಗೊಂಡು ಅರ್ಧಾ ತಾಸಿನ್ಯಾಗ ಬಾಗಲಾ ಕಟ್ ಮಾಡಿ ಕೊಡ್ತಾನ."

"ತಡೀರಿ, ತಡೀರಿ" ಎಂದೆ. ಸಾಹುಕಾರರು ಒಳ್ಳೆಯವರು, ವ್ಯವಹಾರಸ್ಥರು, ಯಾವ ತಕರಾರನ್ನೂ ಅಲ್ಲೇ ಮುಗಿಸಿಬಿಡುವ ಸ್ವಭಾವ. ಗಲ್ಲ ಕೆರೆದುಕೊಂಡು ಹೇಳಿದರು: "ವಚನ ಬಂದಾಗ ಎಲ್ಲಾರೂ ಕಾಲ ಮ್ಯಾಲ ಎತ್ತಿ ಕುಂತ್ರಾತು."

ಅವರ ಡ್ರೈವರ್ ಹಿಂದಿನಿಂದ ಕೇಳಿದ: "ಮತ್ತ ನಾ ಬ್ರೇಕ್ ಹೆಂಗ ಒತ್ತಲ್ರೀ?"

ಸಾಹುಕಾರರಿಗೆ ಸಿಟ್ಟೇ ಬಂತು. "ವಚನ ನಡದಾಗ ಬ್ರೇಕ್ ಯಾಕ ಬೇಕಾಗ್ತದಲೇ?"

೪. ಅಯ್ಯನವರ ತೀರ್ಪು

ಕಡೆಗೆ ಮಸ್ಕಿಯಲ್ಲಿರುವ ಅವರ ಮನೆತನದ ಗುರುಗಳಾದ ಅಯ್ಯನವರನ್ನು ಕೇಳುವುದೆಂದಾಯಿತು. ಅಯ್ಯನವರು ಬೇಡ ಎಂದರೆ ಕಾರು ನೇರವಾಗಿ ಲಿಂಗಸುಗೂರಿನ ಗ್ರೈಂಡರಿನವನ ಹತ್ತಿರ. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಸ್ಪೀಕರ್ ಹಚ್ಚುವವನು ಧರ್ಮಸೂಕ್ಷ್ಮ ಕೇಳಲು ಹೋಗಬೇಕಾದ ಕಾಲ ಬಂದಿದೆಯಲ್ಲ ಎಂದು ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು.

ಅಯ್ಯನವರು ಹೊರಗೆ ಬಂದರು, ಮುಂದಿನ ಸೀಟಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು. "ಹಚ್ಚು, ಕೇಳೂಣು" ಎಂದರು. ಡ್ರೈವರ್ ಗಡಿಬಿಡಿಯಲ್ಲಿ ತನ್ನ ಪೆನ್‌ಡ್ರೈವ್ ಚುಚ್ಚಿದ. ಶರಣರ ವಚನದ ಬದಲು ಡಿಜೆ ಹಾಡು ಹೊಡೆಯಿತು. ಕಾರಿನ ಗ್ಲಾಸು ನಡುಗಿದವು, ಕಟ್ಟೆಯ ಮೇಲಿನ ಪಾರಿವಾಳ ಹಾರಿದವು. ಸಾಹುಕಾರರು ಡ್ರೈವರಿನ ಕುತ್ತಿಗೆಗೆ ಕೈ ಹಾಕಲು ಹೋದರು. ಅಯ್ಯನವರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದರು. ಹಾಡು ಪೂರಾ ಮುಗಿದ ಮೇಲೆ ಕಣ್ಣು ತೆರೆದು ತೀರ್ಪು ಕೊಟ್ಟರು.

"ಗುಡಿಯೊಳಗ ಹೋಗಾಗ ಚಪ್ಪಲ್ ಬಿಡ್ತೀರೋ ಇಲ್ಲೋ? ಹಂಗ ಚಪ್ಪಲ್ ಹೊರಗ ಬಿಟ್ಟು ಕಾರ್ ಹತ್ರಿ. ಏನೂ ದೋಷ ಇಲ್ಲ."

ನನಗೆ ಅವರ ಪಾದಕ್ಕೆ ಬೀಳಬೇಕೆನಿಸಿತು, ಬಿದ್ದೆ. ಎಬ್ಬಿಸುತ್ತಾ ಅಯ್ಯನವರು ಕಿವಿಯಲ್ಲಿ ಹೇಳಿದರು: "ತಮ್ಮಾ, ಬೇಸ್ ಚಲೋ ಬರ್ತದ. ನಮ್ಮ ಗಾಡಿಗೂ ಒಂದು ಜೋಡಿ ಹಚ್ಚಿ ಕೊಡು."

೫. ಲಿಂಗಸುಗೂರಿನ ಮದುವೆ

ಮದುವೆಯ ದಿನ ಬೆಳಿಗ್ಗೆ ಕಾರು ನನ್ನ ಅಂಗಡಿಯಲ್ಲೇ ಇತ್ತು. ಅಮ್ಮ, ಸಾಹುಕಾರರು, ಅವರ ಹೆಂಡತಿ, ಭಾವಮೈದುನ, ಡ್ರೈವರ್ ಐವರೂ ಆಟೋದಲ್ಲಿ ಬಂದಿಳಿದರು. ಅಯ್ಯನವರ ಮಾತಿನಂತೆ ಭಕ್ತಿಯಿಂದ ಚಪ್ಪಲಿ ಬಿಟ್ಟರು, ಕಾರು ಹತ್ತಿದರು, ವಚನ ಹಚ್ಚಿದರು, ಹೋದರು. ನಾನು ಟಾಟಾ ಮಾಡಿ ತಿರುಗಿ ನೋಡಿದರೆ ಅಂಗಡಿಯ ಮುಂದೆ ಸಾಲಾಗಿ ಐದು ಜೋಡಿ ಚಪ್ಪಲಿ.

ಹನ್ನೊಂದೂವರೆಗೆ ಡ್ರೈವರಿನ ಫೋನು. "ಅಣ್ಣಾ, ಇಲ್ಲಿ ನೆಲಾ ಕಾದ ಹಂಚು ಆಗ್ಯದ. ಅಮ್ಮಾರು ಕಾರಿಂದ ಇಳೀವಲ್ಲರು. ಸಾವ್ಕಾರ್ರು ಬೀಗರ ಮುಂದ ಬರಿಗಾಲಲೆ ಕುಣ್ಯಾಕತ್ತಾರ. ಜಲ್ದಿ ತಗೊಂಡು ಬಾ."

ನಾನು ಎಷ್ಟು ಬೈದೆನೆಂದರೆ ಟೈರ್ ಅಂಗಡಿಯವನು ಗಾಳಿ ಹಾಕುವುದನ್ನು ನಿಲ್ಲಿಸಿ ಕೇಳಿದ. ಆದರೆ ಹೋಗದಿದ್ದರೆ ಆ ಭಾವಮೈದುನ ಇದನ್ನೇ ನೆಪ ಮಾಡಿ ಅಲ್ಲೇ ಊರಿನಲ್ಲಿರುವ ಗ್ರೈಂಡರಿನವನನ್ನು ಕರೆಸುತ್ತಾನೆ. ಚಪ್ಪಲಿಯನ್ನು ಗೊಬ್ಬರದ ಚೀಲಕ್ಕೆ ತುಂಬಿ, ಬೈಕಿಗೆ ಕಟ್ಟಿ, ಆ ಬಿಸಿಲಲ್ಲಿ ಮಸ್ಕಿ ದಾಟಿ ಲಿಂಗಸುಗೂರಿಗೆ ಹೊಡೆದೆ.

ಕಲ್ಯಾಣ ಮಂಟಪದ ಬಾಗಿಲಲ್ಲಿ ನೂರಾರು ಚಪ್ಪಲಿ. ಅವುಗಳ ನಡುವೆ ನಾನು, ಬೆವರು ಸುರಿಸುತ್ತಾ, ಕೈಯಲ್ಲಿ ಚೀಲ. ವಾಚ್‌ಮನ್ ಚೀಲದ ಬಾಯಿ ಬಿಚ್ಚಿ ನೋಡಿದ.

"ಬರ್ರಲೇ! ಚಪ್ಪಲ್ ಕಳ್ಳ ಸಿಕ್ಕಾನ!"

ಹತ್ತು ಜನ ನನ್ನ ಅಂಗಿ ಹಿಡಿದರು. "ಕಳ್ಳ ಅಲ್ರೀ, ಇವು ಸಿಂಧನೂರು ಸಾವ್ಕಾರ್ರವು!" ಎಂದೆ.

"ಸಾವ್ಕಾರ್ರವೇ ಕದ್ದೀಯೇನಲೇ?"

ಸಾಹುಕಾರರು ಒಳಗೆ ಅಕ್ಷತೆಗೆ ನಿಂತಿದ್ದರು. ಯಾರೋ ಕಾದ ನೆಲಕ್ಕೆ ಚಾಪೆ ಹಾಸಿ ಅಮ್ಮನನ್ನು ಕಾರಿನಿಂದ ಕೈಹಿಡಿದು ಕರೆತಂದರು. ಅವರ ಕಣ್ಣಿಗೆ ಕನ್ನಡಕ ಇರಲಿಲ್ಲ. ನನ್ನ ಮುಖ ನೋಡಲೇ ಇಲ್ಲ. ಚೀಲಕ್ಕೆ ಕೈ ಹಾಕಿ ತಮ್ಮ ಚಪ್ಪಲಿ ತಡವಿ, "ಹೌದ್ರೋ ಯಪ್ಪಾ, ನಮ್ಮವಽ! ಉಂಗುಟ ಹೊಲಿಸಿದ್ದು ನೋಡ್ರಿ ಇಲ್ಲಿ!" ಎಂದರು. ಬೆನ್ನಿಗೆ ಎರಡು ಏಟು ಬಿದ್ದವು.

ಅಷ್ಟರಲ್ಲಿ ಭಾವಮೈದುನ ಬಂದ. ಬದುಕಿದೆ ಎಂದುಕೊಂಡೆ. ಅವನು ಕೈಯಲ್ಲಿದ್ದ ಶರಬತ್ತು ನಿಧಾನಕ್ಕೆ ಒಂದು ಗುಟುಕು ಹೀರಿ, ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಬಾಗಲಾ ಕಟ್ ಮಾಡ್ತೀನಿ ಅನ್ನು. ನೀ ಯಾರು ಅಂತ ಇವರಿಗೆ ಹೇಳ್ತೀನಿ."

ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಹಲ್ಲಿನ ಹಿಂದೆ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಬಿತ್ತು. "ಬ್ಯಾಡ! ಹೇಳಬ್ಯಾಡ! ಕಳ್ಳ ಅನ್ನಲಿ, ಪೊಲೀಸರಿಗೆ ಕೊಡಲಿ! ಅಂಥಾ ಬಾಗಲಾ ಈ ಮೂರು ತಾಲೂಕಿನ್ಯಾಗ ಇನ್ನೊಂದಿಲ್ಲ. ನಾ ಕಟ್ ಮಾಡಂಗಿಲ್ಲ!"

ದನಿ ಕೇಳಿ ಅಮ್ಮ ತಲೆ ಎತ್ತಿದರು. "ಅಯ್ಯ, ಇವ ನಮ್ಮ ಸ್ಪೀಕರಿನ ತಮ್ಮ ಅಲ್ಲೇನೋ! ಬಿಡ್ರೋ ಅವನ್ನ!" ಎಂದು ಅಂಗಿ ಹಿಡಿದಿದ್ದ ಕೈಗಳಿಗೆಲ್ಲ ಪಟಪಟ ಹೊಡೆದರು. ಮಗನ ಭಾವಮೈದುನನ ಕಡೆ ತಿರುಗಿದರು. "ನಮ್ಮ ಯಜಮಾನ್ರ ಕಾರಿನ ಬಾಗಲಾ ಉಳಸಾಕ ಇವ ಕಳ್ಳ ಅನಿಸಿಕೊಂಡಾನ. ಇನ್ನೊಮ್ಮೆ ಕಟ್ ಅಂದ್ಯೋ, ನಿನಗ ಆ ಕಾರ್ ಹತ್ತಸಂಗಿಲ್ಲ." ಅವನ ಶರಬತ್ತು ಅಲ್ಲೇ ನಿಂತಿತು.

ವಾಚ್‌ಮನ್ ನನ್ನ ಅಂಗಿ ಸರಿಮಾಡಿ, "ತಪ್ಪಾತ್ರಿ ಅಣ್ಣಾ, ನಿಮ್ಮ ಮಾರಿ ಹಂಗಿತ್ತು" ಎಂದು ಕ್ಷಮೆ ಕೇಳಿದ. ಐವರೂ ತಂತಮ್ಮ ಚಪ್ಪಲಿ ಮೆಟ್ಟಿಕೊಂಡರು. ಅಮ್ಮ ನನ್ನನ್ನು ಪಂಕ್ತಿಯಲ್ಲಿ ಪಕ್ಕಕ್ಕೇ ಕೂರಿಸಿಕೊಂಡು ಎರಡು ಹೋಳಿಗೆ ಜಾಸ್ತಿ ಹಾಕಿಸಿದರು.

ಕೈ ತೊಳೆದು, ಖಾಲಿ ಚೀಲ ಮಡಚಿ ಹಿಡಿದು ಹೊರಗೆ ಬರುವ ಹೊತ್ತಿಗೆ ಕೆನೆ ಬಣ್ಣದ ಅಂಬಾಸಿಡರ್ ಗೇಟು ದಾಟುತ್ತಿತ್ತು. ಗ್ಲಾಸ್ ಪೂರಾ ಇಳಿದಿದ್ದವು. ವಚನ ಎಲ್ಲೂ ಒಡಕಿಲ್ಲದೆ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ರಸ್ತೆಯ ತನಕ ಕೇಳುತ್ತಿತ್ತು. ಬಾಗಿಲು ಬಿಸಿಲಿಗೆ ಹೊಳೆಯಿತು. ಹದಿನೆಂಟು ದಿನದಲ್ಲಿ ಮೊದಲ ಸಲ ನನ್ನ ಸಿಟ್ಟು ಪೂರಾ ಇಳಿಯಿತು.

ಕಾರು ನಿಂತಿದ್ದ ಜಾಗದಲ್ಲಿ ಐದು ಜೋಡಿ ಚಪ್ಪಲಿ ಸಾಲಾಗಿ ಇದ್ದವು.

ಬಗ್ಗಿ ನೋಡಿದೆ. ಉಂಗುಟ ಹೊಲಿಸಿದ್ದು ಮೊದಲನೆಯದು. ಚೀಲ ಬಿಚ್ಚಿದೆ. ಹಿಂದಿನಿಂದ ಹೆಗಲ ಮೇಲೆ ವಾಚ್‌ಮನ್ನಿನ ಕೈ ಬಿತ್ತು.

"ಊಟಾ ಮಾಡಿ ಮತ್ತ ಶುರು ಮಾಡಿದ್ಯೇನಲೇ?"